ಹದಿನೈದು ಗುಂಟೆಯ ತಪ್ಪು

ತಾವು ಬಿಡಿಸದ ಲೆಕ್ಕ ಎಚ್.ಡಿ. ಕೋಟೆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ, ಹುಟ್ಟಿದರೂ ತಮ್ಮ ಜಗಲಿಗೆ ಬಂದು ಕೈಕಟ್ಟಿ ನಿಲ್ಲಬೇಕು ಎನ್ನುವವರು ಹಂಪಾಪುರದ ಟ್ಯೂಷನ್ ಮೇಷ್ಟ್ರು ಚಲುವಯ್ಯ. ಅವರ ಪಾಲಿಗೆ ಎಕ್ಸ್ ಎಂದರೆ ಮುಸುಕು ಹೊದ್ದ ನೆಂಟ. ಸುತ್ತ ಇದ್ದವರನ್ನೆಲ್ಲ ಒಬ್ಬೊಬ್ಬರಾಗಿ ಆಚೆ ಬದಿಗೆ ಕಳಿಸಿದರೆ ತಾನೇ ಹೆಸರು ಹೇಳುತ್ತಾನೆ. ಒಂದು ಸ್ಟೆಪ್ಪು ಹಾರಿಸಿದ ಮಕ್ಕಳನ್ನು ಕಂಡರೆ ಅವರಿಗೆ ಮೂರು ದಿನ ಅನ್ನ ಸೇರದು. ಮಜ್ಜಿಗೆಯನ್ನೂ ಮಿಲಿಲೀಟರಿನಲ್ಲೇ ಕೇಳುತ್ತಾರೆ. ಮೊನ್ನೆ ಹತ್ತನೇ ಕ್ಲಾಸಿನ ರಮ್ಯಶ್ರೀ ಒಂದು ಎಕರೆ ಐದು ಗುಂಟೆಯನ್ನು 1.5 ಎಕರೆ ಎಂದು ಬರೆದಳು. "ಎಕರೆಗೆ ನಲವತ್ತು ಗುಂಟೆ ಕಣವ್ವ! ಒಂದೂವರೆ ಎಕರೆ ಅಂದ್ರೆ ಹದಿನೈದು ಗುಂಟೆ ಜಾಸ್ತಿ ಆಯ್ತು" ಎಂದು ಮೇಷ್ಟ್ರು ಗದರಿದರು. ಹುಡುಗಿ ಬಗ್ಗಲಿಲ್ಲ: "ನಿಮ್ಮನೆ ಪಾಲುಪಟ್ಟೀಲಿ ನೀವೂ ಇಂಗೇ ಬರೆದಿದ್ರಂತೆ ಸಾರ್. ಪುಟ್ಟಮಾದಮ್ಮಜ್ಜಿ ಏಳ್ತು." ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ಪುಟ್ಟಮಾದಮ್ಮ ಅವರ ತೀರಿಹೋದ ಅಣ್ಣನ ಹೆಂಡತಿ. ಮೇಷ್ಟ್ರ ಪಾಲಿನಿಂದ ಆಕೆಯ ಪಾಲಿಗೆ ಸೇರಿಹೋದ ಆ ಹೆಚ್ಚಿನ ಹದಿನೈದು ಗುಂಟೆಯ ರಾಗಿಯಿಂದಲೇ ಆಕೆಗೆ ವರ್ಷವಿಡೀ ಮುದ್ದೆ. ತಪ್ಪು ಮರುದಿನವೇ ಗೊತ್ತಾಗಿದ್ದರೂ ಮೇಷ್ಟ್ರು ಇಪ್ಪತ್ತು ವರ್ಷದಿಂದ ಅದನ್ನು ತಿದ್ದಿರಲಿಲ್ಲ. "ಅಂಗಾದ್ರೆ ನಿಮ್ದೂ ತಪ್ಪೇ ಅಲ್ವಾ ಸಾರ್?" ಎಂದಳು ಹುಡುಗಿ. "ತಪ್ಪೇ ಕಣವ್ವ," ಎಂದರು ಮೇಷ್ಟ್ರು. "ನೀನು ನಿಂದು ತಿದ್ಕೋ. ನಂದು ಅಂಗೇ ಇರ್ಲಿ ಬುಡು."