ಉಪ್ಪುಮೀನಿನ ಟಾಂಕಿಗೆ ಇಳಿದ ಅತ್ತೆ

ಹೊನ್ನಾವರದ ಮೀನುಪೇಟೆಯಲ್ಲಿ ನಮ್ಮ ಅತ್ತೆ ಕೂತರೆ ಗಿರಾಕಿಗಳು ಚೌಕಾಶಿ ಮಾಡಲು ಹೆದರುತ್ತಿದ್ದರು. ಅಂಥವರ ಮಂಡಿ ಎಂಬತ್ತರ ದಶಕದ ಆರಂಭದಲ್ಲಿ ಕೈಕೊಟ್ಟಿತು. ದಿನಾ ಎದೆಮಟ್ಟದ ನೀರಲ್ಲಿ ನಡೆಯಬೇಕು, ಇಲ್ಲದಿದ್ದರೆ ಪೇಟೆಯ ಆಸೆ ಬಿಡಬೇಕು ಎಂದು ಕುಮಟೆಯ ಡಾಕ್ಟರು ಹೇಳಿಬಿಟ್ಟರು. ಪೇಟೆ ಬಿಟ್ಟು ಈ ಹೆಂಗಸು ಮನೆಯಲ್ಲಿ ಕೂತರೆ ಅವರಿಗೂ ಕಷ್ಟ, ನನಗಂತೂ ದೇವರೇ ಗತಿ. ಸಮುದ್ರ ಮನೆಯೆದುರೇ ಇತ್ತು ನಿಜ. ಗಟ್ಟಿ ಕಾಲಿನವರನ್ನೇ ಕೆಡವುವ ಅಲೆ ಮಂಡಿ ಸೋತವರನ್ನು ಬಿಟ್ಟೀತೇ?

ಹಿತ್ತಲಲ್ಲಿ ಮೀನಿಗೆ ಉಪ್ಪು ಹಾಕಿಡಲು ನೆಲದೊಳಗೆ ಕಟ್ಟಿದ ದೊಡ್ಡ ಸಿಮೆಂಟ್ ಟಾಂಕಿ ಇತ್ತು. ಆ ವರ್ಷ ಉಪ್ಪುಮೀನಿನ ಕೆಲಸ ನಿಲ್ಲಿಸಿದೆವು. ನಮ್ಮ ಮನೆಯವರು ಟಾಂಕಿ ಉಜ್ಜಿ, ಹೊಸದಾಗಿ ಸಿಮೆಂಟ್ ಮೆತ್ತಿ, ವಾಸನೆ ಹೋಗಲೆಂದು ದಪ್ಪಗೆ ಚಿಪ್ಪಿಸುಣ್ಣ ಬಳಿದು, ಮೆಟ್ಟಿಲು ಕಟ್ಟಿ, ಬಾವಿನೀರು ತುಂಬಿಸಿದರು. ನಾನು ಕಟ್ಟೆಯ ಮೇಲೆ ನಡೆಯುತ್ತಾ ಕೈ ಹಿಡಿದೆ, ಅತ್ತೆ ಸೀರೆ ಉಟ್ಟೇ ನೀರಲ್ಲಿ ನಡೆದರು.

ವಾರ ಕಳೆಯುವಷ್ಟರಲ್ಲಿ ನೀರು ಪಾಚಿಗಟ್ಟಿ ಹಸಿರಾಯಿತು. ಕೆಡುವ ವಸ್ತು ಯಾವುದೇ ಇರಲಿ, ನಮ್ಮ ಮನೆಯಲ್ಲಿ ಅದಕ್ಕೆ ಒಂದೇ ಮದ್ದು. ನನ್ನ ಗಂಡ ಮೂಟೆ ಬಿಚ್ಚಿ ಉಪ್ಪು ಸುರಿದೇಬಿಟ್ಟರು. ಪಾಚಿಗೆ ಏನೂ ಆಗಲಿಲ್ಲ. ಅತ್ತೆಯ ಒಡೆದ ಹಿಮ್ಮಡಿ ಮಾತ್ರ ಉರಿಯಿತು.

"ಎಂತದಾ ಇದು? ನನ್ನ ಒಣಗಿಸಿ ಮಾರೂಕೆ ಹೊರಟ್ಯಾ?" ಎಂದು ಮಗನಿಗೆ ಬೈದರು.

ಪಾಚಿ ಉಜ್ಜಿ, ಮತ್ತೊಂದು ಕೈ ಸುಣ್ಣ ಬಳಿದು ನೀರು ಬದಲಿಸಿದೆವು. ಈ ಸಲ ಕಣ್ಣು ಕೆಂಪಗಾಯಿತು, ಮೈಯೆಲ್ಲ ತುರಿಕೆ. ಅತ್ತೆ ಇಳಿಯುವುದಿಲ್ಲವೆಂದು ಹಟ ಹಿಡಿದು ಜಗಲಿಯಲ್ಲಿ ಕೂತರು. ಪೇಟೆಯಲ್ಲಿ ಅವರ ಜಾಗಕ್ಕೆ ಬೇರೆ ಯಾರೋ ಬುಟ್ಟಿ ಇಡುತ್ತಿದ್ದಾರೆಂಬ ಸುದ್ದಿ ಬಂದ ದಿನ ಊಟವನ್ನೇ ಬಿಟ್ಟರು. ನನಗೆ ಅಳುವೇ ಬಂತು. ಭಟ್ಕಳದಲ್ಲಿದ್ದ ನನ್ನ ಅಣ್ಣನಿಗೆ ಹೇಳಿಕಳಿಸಿದೆ.

ಅಣ್ಣ ಗೌಂಡಿ. ದುಬೈಯಲ್ಲಿ ದುಡಿದವರೊಬ್ಬರ ಮನೆಗೆ ಈಜುಕೊಳ ಕಟ್ಟಿದ್ದ. ಬಂದವನೇ ಟಾಂಕಿ ನೋಡಿ ನಕ್ಕ. "ಅವ್ರು ಬೊಂಬಾಯಿಂದ ಡಬ್ಬಿಗಟ್ಲೆ ಔಷಧಿ ತರಿಸ್ತ್ರು. ನಿಂಗೆ ಅದೆಲ್ಲ ಎಂತಕೆ ತಂಗಿ? ಹೊಸ ಸಿಮೆಂಟು, ಮೇಲಿಂದ ಸುಣ್ಣ. ನೀರಿಗೆ ಸುಣ್ಣದ ಖಾರ ಏರಿದೆ, ಅಷ್ಟೇ."

ಖಾರ ಏರಿದ್ದು ಗೊತ್ತಾಗುವುದು ಹೇಗೆಂದು ಅವನು ವಿವರಿಸುವ ಮೊದಲೇ ನನಗೆ ಹೊಳೆಯಿತು. ಸೀರೆಯ ಮೇಲಿನ ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುವುದಿಲ್ಲವೇ? ಬಿಳಿ ಬಟ್ಟೆಯ ಚೂರಿಗೆ ಅರಿಶಿನ ಹಚ್ಚಿ ಟಾಂಕಿಗೆ ಅದ್ದಿದೆ. ಕೆಂಪಾಯಿತು. ಅಣ್ಣ ಹೇಳಿದಂತೆ ಪಟಿಕ ಕರಗಿಸಿ ಸ್ವಲ್ಪ ಸ್ವಲ್ಪವೇ ಹಾಕುತ್ತಾ, ಅರಿಶಿನ ಅರಿಶಿನವಾಗಿಯೇ ಉಳಿಯುವವರೆಗೆ ಬಟ್ಟೆ ಅದ್ದಿ ನೋಡಿದೆ. ಮರುದಿನ ಕಲಕೆಲ್ಲ ತಳಕ್ಕಿಳಿದಿತ್ತು. ಅದನ್ನು ಮೆಲ್ಲಗೆ ಬಳಿದು ತೆಗೆದೆ.

ಪಾಚಿಗೆ ಅಣ್ಣ ಹೇಳಿದ ಮದ್ದು ಬ್ಲೀಚಿಂಗ್ ಪೌಡರು. ಅದನ್ನು ಬಿಸಿಲಿಗೆ ಹಾಕಿದರೆ ದಂಡ, ಹೊತ್ತು ಮುಳುಗಿದ ಮೇಲೆ ಚಿಟಿಕೆ ಲೆಕ್ಕದಲ್ಲಿ ನೀರಲ್ಲಿ ಕಲಸಿ, ತಿಳಿ ಮಾತ್ರ ಬಿಡಬೇಕು. ಹಗಲಲ್ಲಿ ಮೇಲೆ ತೆಂಗಿನ ಮಡಲು ಹೊದಿಸಿದರೆ ಪಾಚಿಯೂ ಕಡಿಮೆ, ಪೌಡರೂ ಉಳಿತಾಯ. ಕಸ ತೆಗೆಯಲು ಹರಿದ ಬಲೆಯ ತುಂಡು. ಇಷ್ಟರಲ್ಲೇ ನೀರು ಹದಕ್ಕೆ ಬಂತು. ಬಾವಿಯ ತಳದಂತೆ ಟಾಂಕಿಯ ತಳ ಕಾಣುತ್ತಿತ್ತು. ನನಗೆ ಎಷ್ಟು ಜಂಬವೆಂದರೆ, ನೆರೆಯವರನ್ನು ಕರೆದು ಕರೆದು ತೋರಿಸುತ್ತಿದ್ದೆ. ಅತ್ತೆ ಗೊಣಗುತ್ತಲೇ ಮತ್ತೆ ಇಳಿದರು. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಕೈ ಬಿಟ್ಟು ನಡೆಯತೊಡಗಿದರು.

ಒಂದು ಬೆಳಿಗ್ಗೆ ಬುಟ್ಟಿಯನ್ನು ಮಗನ ಸೈಕಲ್ಲಿಗೆ ಕಟ್ಟಿಸಿ, ತಾವು ನಡೆದೇ ಪೇಟೆಗೆ ಹೋದರು. ಸಂಜೆಯವರೆಗೆ ನಾನು ಮತ್ತೆ ಮತ್ತೆ ಬೀದಿಗೆ ಬಂದು ದಾರಿ ನೋಡಿದೆ. ಖಾಲಿ ಬುಟ್ಟಿಯೊಂದಿಗೆ ಬಂದರು. ಬಾಯಿ ತುಂಬ ಎಲೆಯಡಿಕೆ, ತಮ್ಮ ಜಾಗ ಬಿಡಿಸಿಕೊಂಡ ಜಗಳದ ವರದಿ ಬೇರೆ. ನೇರ ಹಿತ್ತಲಿಗೆ ಹೋಗಿ ಟಾಂಕಿಯ ಮೇಲಿನ ಮಡಲು ಸರಿಸಿದರು.

"ನಾಳೆ ನೀರು ಖಾಲಿ ಮಾಡೂಕೆ ಹೇಳು. ಬಂಗಡೆ ಬರ್ತದೆ, ಉಪ್ಪು ಹಾಕೂಕೆ ಟಾಂಕಿ ಬೇಕು."

"ಆತು," ಎಂದೆ. ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೂ ಬಲೆಯ ತುಂಡು ತಂದು, ನಾಳೆ ಚೆಲ್ಲಿಹೋಗುವ ಆ ತಿಳಿ ನೀರಿನ ಮೇಲೆ ಬಿದ್ದಿದ್ದ ಕಸ ತೆಗೆದೆ.

ಅತ್ತೆ ನನ್ನ ಮುಖ ನೋಡಿದರು. ಕಟ್ಟೆಯ ಮೇಲೆ ಗಟ್ಟಿಯಾಗಿ ನಿಂತು ಕೈ ಚಾಚಿದರು.

"ಇಷ್ಟು ದಿನ ನೀ ನೀರು ನೋಡ್ಕೊಂಡೆ, ಒಂದಿನ ಇಳೀಲಿಲ್ಲ. ಇಳಿ, ನಾ ಹಿಡ್ಕಂತೆ."