ಸುರಹೊನ್ನೆ ದಿಮ್ಮಿಯ ಒಳಗೆ

ಯಲ್ಲಾಪುರದ ಮರದ ಮಿಲ್ಲಿನಲ್ಲಿ ಕೂತು ಬರೆಯುತ್ತಿದ್ದೇನೆ. ನಾವು ಐವರು ಮುಂಬಯಿಯ ಸಾಹುಕಾರನೊಬ್ಬನ ಪಂದ್ಯದ ಹಾಯಿದೋಣಿಯನ್ನು ಸಂಬಳಕ್ಕೆ ನಡೆಸುವವರು. ದೇಶದ ದೊಡ್ಡ ಪಂದ್ಯ ಹತ್ತಿರ ಬಂದಾಗ ಹಾಯಿಕಂಬ ಮುರಿಯಿತು. ಹೊಸ ಕಂಬ ಸಿಗದಿದ್ದರೆ ದೋಣಿಯನ್ನೇ ಮಾರುತ್ತೇನೆಂದ ಸಾಹುಕಾರ. ಅದಕ್ಕೇ ನಾನೂ ನಮ್ಮ ನಾಯಕ ಲಾರೆನ್ಸನೂ ಹಾಯಿಕಂಬಕ್ಕೆ ಒದಗುವ ಸುರಹೊನ್ನೆ ಮರ ಹುಡುಕಿಕೊಂಡು ಇಲ್ಲಿಗೆ ಬಂದೆವು.

ನೇರವಾದ ದಿಮ್ಮಿಯೊಂದು ಸಿಕ್ಕಿತು. ಲಾರೆನ್ಸ ಅದರ ಮೇಲೆ ಅಂಗೈ ಆಡಿಸಿ ನಕ್ಕ. ಗರಗಸ ಒಂದು ಬದಿಯನ್ನು ಸೀಳಿದ್ದೇ ತಡ, ಒಳಗೆಲ್ಲ ಟೊಳ್ಳು! ಬಿಳಿ ಮೊಟ್ಟೆ ಹೊತ್ತ ಇರುವೆಗಳು ಸಾಲುಗಟ್ಟಿ ಹೊರಬಂದವು.

"ಎಂತ ಮಾಡೂದು ಮಾರಾಯ್ರೆ, ಹೊರಗಿಂದ ಗೊತ್ತೇ ಆಗ್ಲಿಲ್ಲ. ಇಷ್ಟುದ್ದದ್ದು ಬೇರೆ ಇಲ್ಲ," ಎಂದ ಮಿಲ್ಲಿನ ಸುಬ್ರಾಯ.

ಲಾರೆನ್ಸ ಮರದ ಪುಡಿಯ ಮೇಲೆಯೇ ಕುಸಿದು ಕೂತ. ನಾವು ವಾಪಸು ಹೋಗಬೇಕಿದ್ದ ಬಸ್ಸಿನ ಹಾರನ್ ಕೇಳಿದರೂ ಏಳಲಿಲ್ಲ.

"ಉಳಿದ ಮೂವರಿಗೆ ನೀನೇ ಹೋಗಿ ಹೇಳು," ಎಂದ. "ನನಗೆ ಇನ್ನು ಸಮುದ್ರ ನೋಡಲಿಕ್ಕೆ ಆಗೂದಿಲ್ಲ."