ಹಚ್ಚೆಯ ಕೈಯಲ್ಲಿ ನರ ಹುಡುಕಿದ್ದು

ರಾಯಚೂರಿನ ನಮ್ಮ ನರ್ಸಿಂಗ್ ಶಾಲೆಯಲ್ಲಿ ಅತ್ಯಂತ ಸಜ್ಜನ ರೋಗಿ ಎಂದರೆ ಪಾಠದ ಮೇಜಿನ ಮೇಲಿರುವ ರಬ್ಬರ್ ಕೈ. ಬೆಳ್ಳಗೆ, ನುಣ್ಣಗೆ ಇರುವ ಕೈ. ನರಗಳು ನೀಲಿಯಾಗಿ ಎದ್ದು ಕಾಣುತ್ತವೆ. ಎಷ್ಟು ಚುಚ್ಚಿದರೂ 'ಯವ್ವಾ' ಅನ್ನುವುದಿಲ್ಲ. "ಕಣ್ಣು ಬಿಟ್ಟು ನೋಡ್ರಿ, ನರ ಕಾಣ್ತದ, ಸೂಜಿ ಹಾಕ್ರಿ" ಎಂದು ಅದರ ಮುಂದೆ ನಿಂತು ನಾನು ಇಪ್ಪತ್ತು ವರ್ಷ ಉಪದೇಶ ಮಾಡಿದ್ದೇನೆ. ಆ ಕೈ ಒಮ್ಮೆಯೂ ತಕರಾರು ಮಾಡಿರಲಿಲ್ಲ.

ತಕರಾರು ಬಂದದ್ದು ದೇವದುರ್ಗದ ಆಸ್ಪತ್ರೆಯಲ್ಲಿ. ತರಬೇತಿಗೆಂದು ಹುಡುಗಿಯರನ್ನು ಕರೆದುಕೊಂಡು ಹೋಗಿದ್ದೆ. ಅವರಲ್ಲಿ ಮಸರಕಲ್ ಕಡೆಯವಳೊಬ್ಬಳು ಸಲೈನ್ ಹಚ್ಚುವ ಪರೀಕ್ಷೆಯಲ್ಲಿ ಆಗಲೇ ಒಮ್ಮೆ ಫೇಲಾಗಿದ್ದಳು. ಮರುಪರೀಕ್ಷೆಗೆ ಹದಿನೈದು ದಿನ ಇತ್ತು. ಈ ಸಲವೂ ಹೋದರೆ ಓದಿದ್ದು ಸಾಕು, ಮನೆಗೆ ಬಾ ಎಂದು ಅಪ್ಪ ಹೇಳಿಯಾಗಿತ್ತು. ಅವಳ ಪಾಲಿಗೆ ಬಂದದ್ದು ಮೊಣಕೈಯಿಂದ ಮುಂಗೈವರೆಗೆ ಹಸಿರು ಹಚ್ಚೆ ಹೊಯ್ಯಿಸಿಕೊಂಡ ಅಜ್ಜಿ. ಹುಡುಗಿ ನನ್ನ ಉಪದೇಶದಂತೆ ಕಣ್ಣು ಬಿಟ್ಟು ನೋಡಿದಳು. ಗೆರೆ ಕಂಡಿತು. ಸೂಜಿ ಹಾಕಿಯೇಬಿಟ್ಟಳು.

"ಏ ಮಗಳ, ಅದು ನರ ಅಲ್ಲಬೇ, ಬಳ್ಳಿ! ಸಣ್ಣಾಕಿ ಇದ್ದಾಗ ನಮ್ಮವ್ವ ಹಾಕಿಸಿದ್ದು!" ಎಂದು ಅಜ್ಜಿ ಕೈ ಕೊಸರಿಕೊಂಡಳು.

ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿಯ ಅಳು. "ನರ್ಸ್ ಆಗೋದು ನನ್ನ ಹಣ್ಯಾಗ ಬರ್ದಿಲ್ರೀ ಮೇಡಂ."

"ಹಣಿ ಆಮ್ಯಾಲ ನೋಡೋಣು. ತಪ್ಪು ನಂದದ, ಸುಮ್ನ ಕುಂದ್ರು" ಅಂದೆ. ನಮ್ಮ ಸೀಮೆಯ ಅಜ್ಜಿಯರ ಕೈ ಹೇಗಿರುತ್ತದೆಂದು ಗೊತ್ತಿದ್ದೂ ಪರದೇಶದಿಂದ ಬಂದ ರಬ್ಬರ್ ಕೈಯಲ್ಲಿ ಪಾಠ ಮಾಡಿದವಳು ನಾನು. ಕವಿತಾಳದವಳಾದ ನನ್ನ ಸ್ವಂತ ಅಜ್ಜಿಯ ಹಚ್ಚೆ ಕೈಯನ್ನಾದರೂ ನೆನೆಯಬೇಕಿತ್ತು. ಬಸ್ಸಿನಲ್ಲೇ ನನ್ನ ಮೇಲೆ ಇಲಾಖಾ ವಿಚಾರಣೆ ನಡೆಸಿ, ತಪ್ಪಿತಸ್ಥಳೆಂದು ತೀರ್ಮಾನಿಸಿ, ಶಿಕ್ಷೆಯನ್ನೂ ಗೊತ್ತುಮಾಡಿದೆ.

ಮರುದಿನ ಮೇಜಿನ ಮೇಲೆ ರಬ್ಬರ್ ಕೈ ಇದ್ದ ಜಾಗದಲ್ಲಿ ನನ್ನ ಕೈ ಇಟ್ಟು, ಹಸಿರು ಸ್ಕೆಚ್ ಪೆನ್ನು ಕೊಟ್ಟು, "ಬರೀರಿ" ಅಂದೆ. ಅಂಥ ಅವಕಾಶವನ್ನು ಯಾವ ವಿದ್ಯಾರ್ಥಿನಿ ಬಿಡುತ್ತಾಳೆ? ಬಳ್ಳಿ, ಚೇಳು, ತುಳಸಿಕಟ್ಟೆ, ಎಲ್ಲ ಬಂದವು. ಒಬ್ಬಳಂತೂ ನವಿಲು ಬರೆದು, ಗರಿಗೆ ಜಾಗ ಸಾಲದೆ ರವಿಕೆಯ ತೋಳು ಮೇಲೆತ್ತಲು ಹೇಳಿದಳು. ಆಮೇಲೆ ಮಸರಕಲ್ ಹುಡುಗಿಯ ಕಣ್ಣಿಗೆ ಅವಳದೇ ದುಪಟ್ಟಾ ಕಟ್ಟಿಸಿದೆ.

"ಹುಡುಕು. ಏನ್ ಸಿಕ್ತು?"

"ಹಗ್ಗದಂಗ ಬಿಗಿ ಅದರೀ."

"ಒತ್ತಿದ್ರ ಪುಟಿತದೇನು?"

"ಇಲ್ರೀ."

"ಹಂಗಾರ ನರ ಅಲ್ಲ, ಬಿಡು. ಮುಂದ ಹೋಗು."

ಬೆರಳು ಸರಿದು, ನಿಂತು, ಮತ್ತೆ ಒತ್ತಿತು. "ಮೇಡಂ, ಇದು ಮೆತ್ತಗ ಪುಟಿಯಾಕತ್ತದ!"

"ಅದ! ಅದ ನೋಡಬೇ!" ನಾನು ಕಿರುಚಿದ್ದಕ್ಕೆ ಪಕ್ಕದ ಕ್ಲಾಸಿನವರು ಓಡಿಬಂದರು. ಹದಿನೈದು ದಿನವೂ ಈ ಕಣ್ಣುಕಟ್ಟು ನಡೆಯಿತು.

ಮರುಪರೀಕ್ಷೆಯ ದಿನ ಅವಳಿಗೆ ಸಿಕ್ಕದ್ದು ಮಾನ್ವಿಯ ಅಜ್ಜಿ. ಎರಡೂ ಕೈ ತುಂಬ ಹಸಿರು. ಹುಡುಗಿ ತೋಳಿಗೆ ಪಟ್ಟಿ ಬಿಗಿದು ಕಣ್ಣು ಮುಚ್ಚಿಕೊಂಡಳು.

"ನಿದ್ದಿ ಮಾಡಾಕತ್ತಾಳೇನ್ರೀ?" ಹೊರಗಿನಿಂದ ಬಂದ ಪರೀಕ್ಷಕರು ನನ್ನ ಕಡೆ ತಿರುಗಿದರು.

ಹಸಿರಿನ ಮೇಲೆ ಸರಿಯುತ್ತಿದ್ದ ಅವಳ ಬೆರಳು ನಿಂತಿತು. ಕಣ್ಣು ತೆರೆದಳು. ಒಂದೇ ಸಲ ಸೂಜಿ ಹಾಕಿದಳು. ಸೂಜಿಯ ಹಿಂದೆ ಕೆಂಪಗೆ ರಕ್ತ ಕಾಣಿಸಿತು. ಪರೀಕ್ಷೆಯಲ್ಲಿ ಬೋಧಕರು ತುಟಿ ಬಿಚ್ಚಬಾರದೆಂಬ ನಿಯಮವಿದೆ. ಚಪ್ಪಾಳೆಯ ಬಗ್ಗೆ ಅದು ಏನೂ ಹೇಳುವುದಿಲ್ಲ. ಜೋರಾಗಿಯೇ ತಟ್ಟಿದೆ. ಪರೀಕ್ಷಕರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಪಾಸ್ ಎಂದು ಬರೆದರು.

ಹುಡುಗಿ ವರಾಂಡಕ್ಕೆ ಓಡಿ ಫೋನು ಹಚ್ಚಿದಳು. ಅವಳ ಕೂಗು ವಾರ್ಡಿಗೆಲ್ಲ ಕೇಳಿತು: "ಯಪ್ಪಾ, ನಾ ಮನಿಗಿ ಬರಂಗಿಲ್ಲ!"